ಸಹಾಯ ಬೇಕು: 1945ರ ಮರ್ಕ್ಯುರಿ ಡೈಮ್‌ಗೆ ಫುಲ್ ಬ್ಯಾಂಡ್ಸ್ ಬೇಕೇ ಬೇಕಾ?

ನಮಸ್ಕಾರ, ಅಮೆರಿಕದ ನಾಣ್ಯ ಕೂಡಿಡುವವರು ಇದ್ದರೆ ಸ್ವಲ್ಪ ಹೇಳಿ. 1916ರಿಂದ 1945ರವರೆಗಿನ ಮರ್ಕ್ಯುರಿ ಡೈಮ್ (ಹತ್ತು ಸೆಂಟಿನ ನಾಣ್ಯ) ಸೆಟ್ ಮಾಡುತ್ತಿದ್ದೇನೆ, ಕೊನೆಯ ವರ್ಷದ ಫಿಲಡೆಲ್ಫಿಯಾ ಟಂಕಸಾಲೆಯ ಡೈಮ್ ಹತ್ತಿರ ಸಿಕ್ಕಿಕೊಂಡಿದ್ದೇನೆ. ಹಿಂಬದಿಯ ಕಡ್ಡಿಗಳ ಕಟ್ಟಿನ ನಡುವೆ ಎರಡು ಪಟ್ಟಿ ಇವೆಯಲ್ಲ, ಅವುಗಳ ಮಧ್ಯದ ಗೆರೆ ಈ ತುದಿಯಿಂದ ಆ ತುದಿಗೆ ಎಲ್ಲೂ ಮುಚ್ಚದೆ ಕಂಡರೆ ಮಾತ್ರ ಫುಲ್ ಬ್ಯಾಂಡ್ಸ್. ನನ್ನ ಡೈಮ್‌ನಲ್ಲಿ ಹೊಳಪು ಚೆನ್ನಾಗಿದೆ, ಗೀರಿಲ್ಲ, ಆದರೆ ಲೆನ್ಸ್ ಹಿಡಿದು ನೋಡಿದರೆ ಗೆರೆ ಅರ್ಧಕ್ಕೇ ಮುಚ್ಚಿ ಪಟ್ಟಿಗಳು ಕೂಡಿಕೊಂಡಿವೆ. ಆ ವರ್ಷ ಅಲ್ಲಿ ಅಚ್ಚು ಪೂರ್ತಿ ಮೂಡಿದ್ದು ತೀರಾ ಕಡಿಮೆ. ಅದಕ್ಕೇ ಮಾಮೂಲಿಯದು ಸುಲಭವಾಗಿ ಸಿಗುತ್ತದೆ, ನಾಣ್ಯ ಪರೀಕ್ಷಿಸುವ ಕಂಪನಿಯಿಂದ ಫುಲ್ ಬ್ಯಾಂಡ್ಸ್ ಅಂತ ಚೀಟಿ ಬಿದ್ದದ್ದಕ್ಕೆ ಸಾವಿರಾರು ಡಾಲರ್! ಅಷ್ಟು ನನ್ನಿಂದ ಆಗಲ್ಲ. ಉಳಿದದ್ದೆಲ್ಲ ಫುಲ್ ಬ್ಯಾಂಡ್ಸ್ ಇಟ್ಟು ಇದೊಂದನ್ನು ಹಾಗೇ ಬಿಟ್ಟವರು ಇದ್ದೀರಾ? ಮುಂದೆ ಸೆಟ್ ಮಾರುವಾಗ ತೊಂದರೆ ಆಯಿತಾ?