ಕೊರಿಯನ್ನಿನ ‘ಇಪ್ಕೊ ಇತ್ತಾ’: ಹಾಕಿಕೊಳ್ಳುತ್ತಿದ್ದಾನೋ, ಹಾಕಿಕೊಂಡಿದ್ದಾನೋ?

ಎಲ್ಲರಿಗೂ ನಮಸ್ಕಾರ. ಕೊರಿಯನ್ ಕಲಿಯುತ್ತಾ ಒಂದು ಕಡೆ ಸಿಕ್ಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು.

ಆ ಭಾಷೆಯಲ್ಲಿ ‘ಇತ್ತಾ’ ಅಂದರೆ ಇದೆ, ಇದ್ದಾನೆ. ನಮ್ಮ ‘ಇತ್ತು’ ಕೇಳಿದ ಹಾಗಾಗುತ್ತದೆ, ಆದರೆ ಅದು ಈಗಿನ ಮಾತು. ಕೆಲಸ ಇನ್ನೂ ನಡೆಯುತ್ತಿದ್ದರೆ ಕ್ರಿಯಾಪದಕ್ಕೆ ‘ಗೊ’ ಹಚ್ಚಿ ‘ಇತ್ತಾ’ ಅನ್ನುತ್ತಾರೆ: ‘ಕ್ಕೊಚಿ ಪಿಗೊ ಇತ್ತಾ’, ಹೂ ಅರಳುತ್ತಿದೆ. ಅರಳುವುದು ಮುಗಿದು ಹೂ ಹಾಗೇ ಇದ್ದರೆ ‘ಕ್ಕೊಚಿ ಪಿಯೊ ಇತ್ತಾ’, ಹೂ ಅರಳಿದೆ. ನಮ್ಮ ‘ಅರಳಿದೆ’ಯನ್ನು ಬಿಡಿಸಿದರೂ ಅರಳಿ, ಇದೆ ಅಂತಲೇ ಅಲ್ವಾ? ಇದನ್ನು ಕಂಡ ದಿನ ತುಂಬಾ ಖುಷಿಯಾಗಿತ್ತು.

ತೊಡಕು ಬರುವುದು ಬಟ್ಟೆಯ ವಿಷಯದಲ್ಲಿ. ‘ಒಸುಲ್ ಇಪ್ಕೊ ಇತ್ತಾ’ (ಇಲ್ಲಿ ‘ಗೊ’ ‘ಕೊ’ ಅಂತ ಕೇಳುತ್ತದೆ) ಅಂದರೆ ಬಟ್ಟೆ ಹಾಕಿಕೊಳ್ಳುತ್ತಿದ್ದಾನೆ ಅಂತಲೂ ಆಗುತ್ತದೆ, ಹಾಕಿಕೊಂಡಿದ್ದಾನೆ ಅಂತಲೂ ಆಗುತ್ತದೆ. ‘ಪಿಯೊ ಇತ್ತಾ’ ಥರದ ರೂಪ ಅರಳು, ಕೂರು, ನಿಲ್ಲು ಮುಂತಾದ ಅಕರ್ಮಕಗಳಿಗೆ ಮಾತ್ರ. ಬಟ್ಟೆ ತೊಡುವುದಕ್ಕೆ ಕರ್ಮ ಬೇಕು. ಹಾಗಾಗಿ ‘ಗೊ ಇತ್ತಾ’ ಒಂದೇ ಎರಡೂ ಅರ್ಥ ಹೊರಬೇಕು. ಬಸ್ಸು ಹತ್ತುವುದಕ್ಕೂ ಹೀಗೇ. ಫೋನಿನಲ್ಲಿ ‘ಬೊಸು ತಾಗೊ ಇಸ್ಸೊಯೊ’ (‘ಇಸ್ಸೊಯೊ’ ಅಂದರೆ ‘ಇತ್ತಾ’ದ ವಿನಯದ ರೂಪ) ಅಂದವರು ಸಾಮಾನ್ಯವಾಗಿ ಬಸ್ಸಿನ ಒಳಗೇ ಇರುತ್ತಾರೆ, ಮೆಟ್ಟಿಲ ಮೇಲಲ್ಲ. ಗೊಂದಲವೇ ಬೇಡ ಅಂದರೆ ‘ಇಮ್ನುನ್ ಜುಂಗಿದಾ’ ಅನ್ನಬಹುದು. ‘ಜುಂಗ್’ ಅಂದರೆ ನಡುವೆ. ಹಾಕಿಕೊಳ್ಳುವ ಕೆಲಸದ ನಡುವೆ ಇದ್ದಾನೆ, ಅಷ್ಟೇ ಅರ್ಥ.

ಕನ್ನಡದಲ್ಲಿ ‘ಕೊಳ್ಳುತ್ತಿದ್ದಾನೆ’, ‘ಕೊಂಡಿದ್ದಾನೆ’ ಬೇರೆ ಬೇರೆ ಆಗಿರುವುದು ನಮ್ಮನ್ನು ಕಾಪಾಡುತ್ತದೆ. ಧಾರವಾಡದ ಕಡೆಯ ‘ಹಾಕ್ಕೊಳ್ಳಾಕತ್ತಾನ’, ‘ಹಾಕ್ಕೊಂಡಾನ’ ಇನ್ನೂ ಖಚಿತ. ಒಂದಕ್ಕೊಂದು ಬೆರೆಯುವುದೇ ಇಲ್ಲ.

ಆದರೆ ನಾನು ಅನುವಾದಿಸುತ್ತಿರುವ ಪುಟ್ಟ ಕತೆಯಲ್ಲಿ ಆ ಎರಡರ್ಥವೇ ಮುಖ್ಯ. ಕನ್ನಡಿ ಮುಂದೆ ನಿಂತವನು ಟೈ ಕಟ್ಟಿಕೊಳ್ಳುತ್ತಿದ್ದಾನೋ, ಆಗಲೇ ಕಟ್ಟಿಕೊಂಡಿದ್ದಾನೋ ಅಂತ ಓದುಗರಿಗೆ ತಕ್ಷಣ ತಿಳಿಯಬಾರದು. ಸುಮ್ನೆ ಒಂದು ಅರ್ಥ ಆರಿಸಿಕೊಂಡರೆ ಕತೆಗೆ ಅನ್ಯಾಯ ಮಾಡಿದ ಹಾಗೆ.

ನನಗೆ ಹತ್ತಿರ ಬಂದದ್ದು ಒಂದೇ. ‘ಅಜ್ಜ ಕನ್ನಡಕ ಹಾಕುತ್ತಿದ್ದಾರೆ’ ಅಂದರೆ ಈ ಕ್ಷಣ ಕಣ್ಣಿಗೇರಿಸುತ್ತಿದ್ದಾರೆ ಅಂತಲೂ ಆದೀತು, ಈಚೆಗೆ ಕನ್ನಡಕ ಬಳಸುತ್ತಿದ್ದಾರೆ ಅಂತಲೂ ಆದೀತು. ಆದರೆ ಎರಡನೆಯದು ರೂಢಿಯ ಮಾತು, ಸ್ಥಿತಿಯದಲ್ಲ. ‘-ಉತ್ತಿದ್ದಾನೆ’ ಸೇರಿದಾಗ ಕೆಲಸವನ್ನೂ ಅದು ಮುಗಿದ ಮೇಲಿನ ಸ್ಥಿತಿಯನ್ನೂ ಒಟ್ಟಿಗೆ ಹೇಳುವ ಕ್ರಿಯಾಪದ ನಿಮ್ಮ ಊರಿನ ಮಾತಿನಲ್ಲಿ ಯಾವುದಾದರೂ ಇದೆಯಾ?