ಪದಚರ್ಚೆ: ‘ಸ್ಪೆಡಿಟ್ಸಿಯೋನ್’ಗೆ ಕನ್ನಡದಲ್ಲಿ ಏನು? (ತುರ್ತು)

ಬಳಗದ ಹಿರಿಯರಿಗೆ ನಮಸ್ಕಾರ.

ಜರ್ಮನ್ ರೈಲ್ವೆ ಕಂಪನಿ ಡಾಯ್ಚ ಬಾನ್ ಕುರಿತ ಲೇಖನವೊಂದನ್ನು ಮಾಸಪತ್ರಿಕೆಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಪುಟ ಮುದ್ರಣಕ್ಕೆ ಹೋಗಬೇಕು. ಈ ಕಂಪನಿ ಪ್ರಯಾಣಿಕರ ರೈಲು ಓಡಿಸುತ್ತದೆ. ಡಿಬಿ ಕಾರ್ಗೋ ಎಂಬ ಅಂಗದ ಮೂಲಕ ಗೂಡ್ಸ್ ರೈಲನ್ನೂ ಓಡಿಸುತ್ತದೆ. ಇವೆರಡರ ಜೊತೆಗೆ ಶೆಂಕರ್ ಎಂಬ ಇನ್ನೊಂದು ಕಂಪನಿ 2002ರಿಂದ ಅದರ ಕೈಯಲ್ಲಿತ್ತು. 2025ರ ಏಪ್ರಿಲ್ ಕೊನೆಗೆ ಅದು ಡೆನ್ಮಾರ್ಕಿನ ಡಿಎಸ್‌ವಿ ಎಂಬ ಕಂಪನಿಯ ಪಾಲಾಯಿತು. ಬೆಲೆ ಸುಮಾರು 1,430 ಕೋಟಿ ಯೂರೋ. ಶೆಂಕರ್ ಮಾಡುವ ಕೆಲಸಕ್ಕೆ ಜರ್ಮನ್ನರು ‘ಸ್ಪೆಡಿಟ್ಸಿಯೋನ್’ ಎನ್ನುತ್ತಾರೆ. ನಾನು ಇದಕ್ಕೂ ಡಿಬಿ ಕಾರ್ಗೋದ ಕೆಲಸಕ್ಕೂ ‘ಸರಕು ಸಾಗಣೆ’ ಎಂದೇ ಬರೆದ ಕಾರಣ, ‘ಸರಕು ಸಾಗಣೆಯನ್ನು ಮಾರಿ ಸರಕು ಸಾಗಣೆಯನ್ನು ಉಳಿಸಿಕೊಂಡಿತು’ ಎಂಬ ವಾಕ್ಯ ಹುಟ್ಟಿದೆ. ಸಂಪಾದಕರು ಅದರ ಪಕ್ಕದಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದಾರೆ. ದಯವಿಟ್ಟು ಒಂದು ಪದ ಕೊಡಿ.

— ಸು. ರಾ., ಮೈಸೂರು

—

ಒಂದಕ್ಕೆ ‘ಸಾಗಣೆ’, ಇನ್ನೊಂದಕ್ಕೆ ‘ಸಾಗಾಟ’. ಮುಗಿಯಿತಲ್ಲ.

— ಪ., ಮಂಗಳೂರು

—

ಮುಗಿಯಲಿಲ್ಲ. ಕರಾವಳಿಯ ಪತ್ರಿಕೆಗಳಲ್ಲಿ ‘ಸಾಗಾಟ’ ಎಂದರೆ ಗಾಂಜಾ, ಮರಳು, ದನ. ಹಿಂದೆಯೇ ‘ಇಬ್ಬರ ಬಂಧನ’. ಇಷ್ಟು ದೊಡ್ಡ ಕಂಪನಿಯನ್ನು ಠಾಣೆಗೆ ಕರೆದೊಯ್ಯಬೇಡಿ. ‘ಲಾಜಿಸ್ಟಿಕ್ಸ್’ ಎಂದು ಬರೆದು ಮುಂದಕ್ಕೆ ಹೋಗಿ. ಎಲ್ಲರಿಗೂ ತಿಳಿಯುತ್ತದೆ.

— ಕೆ. ಎನ್., ಬೆಂಗಳೂರು

—

ಎಲ್ಲರಿಗೂ ತಿಳಿಯುವುದಾದರೆ ಈ ಬಳಗವೇ ಬೇಡ. ಲಾಜಿಸ್ಟಿಕ್ಸ್‌ಗೆ ಹಿಂದಿಯಲ್ಲಿ ‘ಸಂಭಾರತಂತ್ರ’ ಎಂಬ ಗಟ್ಟಿ ಪದವಿದೆ. ಸಂಸ್ಕೃತದಿಂದ ಬಂದದ್ದು, ನಮಗೂ ಸಲ್ಲುತ್ತದೆ. ಸಂದರ್ಭ ಬಂದಿರುವುದರಿಂದ ಹೇಳುತ್ತೇನೆ: ಲಾಜಿಸ್ಟಿಕ್ಸ್ ಎಂಬುದು ಗ್ರೀಕಿನ ಲೆಕ್ಕದ ವಿದ್ಯೆಯಿಂದ ಬಂದದ್ದೆಂದು ಕೆಲವರು ನಂಬುತ್ತಾರೆ. ಸ್ವಿಸ್ ಮೂಲದ ಸೇನಾ ಲೇಖಕ ಜೊಮಿನಿ ಅದನ್ನು 1838ರ ಹೊತ್ತಿಗೆ ಬಳಕೆಗೆ ತಂದಾಗ, ಪಡೆಗಳಿಗೆ ಬಿಡಾರ ಹೂಡಿಸುವ ಫ್ರೆಂಚ್ ಅಧಿಕಾರಿಯ ಹುದ್ದೆಯ ಹೆಸರಿನೊಂದಿಗೆ ಜೋಡಿಸಿದ. ‘ಲೊಜಿ’ ಎಂದರೆ ತಂಗುವ ಮನೆ. ಹಾಗಾಗಿ ಅದರ ಮೂಲಾರ್ಥ ಸಾಗುವುದಲ್ಲ, ತಂಗುವುದು.

— ವಿ. ಕೃ., ಧಾರವಾಡ

—

ಸಂಭಾರತಂತ್ರ ಎಂದು ಓದಿದ ಗೃಹಿಣಿ ಸಾಸಿವೆ, ಮೆಂತ್ಯ, ಕೊತ್ತಂಬರಿ ಬೀಜ ಹುರಿಯಲು ಹೊರಡುತ್ತಾಳೆ. ಕನ್ನಡದಲ್ಲಿ ಸಂಬಾರ ಅಡುಗೆಮನೆಯ ಡಬ್ಬಿಯಲ್ಲಿದೆ, ಅಲ್ಲಿಯೇ ಇರಲಿ. ‘ಒಯ್ಯು’ ಎಂಬ ಅಚ್ಚಗನ್ನಡದ ಬೇರಿದೆ. ‘ಸರಕೊಯ್ಗೆ’ ಎನ್ನಿ.

— ಗು., ಶಿವಮೊಗ್ಗ

—

ಸರಕೊಯ್ಗೆ ಎಂದರೆ ಕೊಯ್ಲಿನ ನೆನಪಾಗುತ್ತದೆ. ಬೇಡ.

— ಕೆ. ಎನ್.

—

ಪಣಂಬೂರಿನ ಬಂದರಿನಲ್ಲಿ ಬಹುಕಾಲ ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ ಕುಳಿತವನು ನಾನು. ಕೇಳಿದ್ದು ಸ್ಪೆಡಿಟ್ಸಿಯೋನ್, ನೀವೆಲ್ಲ ಲಾಜಿಸ್ಟಿಕ್ಸ್ ಕಡೆಗೆ ತಿರುಗಿದ್ದೀರಿ. ಮೊದಲು ಕೆಲಸವನ್ನು ನೋಡಿ.

ಜರ್ಮನ್ ವಾಣಿಜ್ಯ ಸಂಹಿತೆಯಲ್ಲಿ ಇವು ಎರಡು ಬೇರೆ ಕರಾರುಗಳು. 407ನೇ ಕಲಮಿನವನು ಸರಕನ್ನು ಈ ಊರಿನಿಂದ ಆ ಊರಿಗೆ ಮುಟ್ಟಿಸಲು ಒಪ್ಪಿಕೊಂಡವನು. 453ನೇ ಕಲಮಿನವನು ಸರಕು ಹೊರಡುವಂತೆ ಏರ್ಪಾಡು ಮಾಡಲು ಒಪ್ಪಿಕೊಂಡವನು: ಯಾವ ದಾರಿ, ಯಾವ ಹಡಗು, ಯಾರ ಲಾರಿ ಎಂದು ಗೊತ್ತುಮಾಡಿ, ಸಾಗಿಸುವವರೊಂದಿಗೆ ಕರಾರು ಮಾಡಿಕೊಳ್ಳುವವನು. ಸುಂಕದ ಕಾಗದಪತ್ರಗಳನ್ನೂ ಅವನೇ ನೋಡಿಕೊಳ್ಳಬಹುದು. ಅವನಿಗೆ ಒಂದು ಚಕ್ರವೂ ಸ್ವಂತದ್ದಿರಬೇಕೆಂದಿಲ್ಲ. ಇದ್ದರೆ ತಾನೇ ಸಾಗಿಸಲು ಅಡ್ಡಿಯೂ ಇಲ್ಲ. ಗಾಟ್‌ಫ್ರೀಡ್ ಶೆಂಕರ್ 1872ರಲ್ಲಿ ವಿಯೆನ್ನಾದಲ್ಲಿ ಅಂಗಡಿ ತೆರೆದಾಗ ರೈಲು ಅವನದಾಗಿರಲಿಲ್ಲ. ಹತ್ತಾರು ವ್ಯಾಪಾರಿಗಳ ಬಿಡಿ ಸರಕನ್ನು ಒಟ್ಟುಗೂಡಿಸಿ ಇನ್ನೊಬ್ಬರ ವ್ಯಾಗನ್ ತುಂಬಿಸುವುದರಲ್ಲಿ ಅವನ ಲಾಭವಿತ್ತು. ಬಿಡಿ ದರ ಒಂದು, ಇಡೀ ವ್ಯಾಗನಿನ ದರ ಇನ್ನೊಂದು. ನಡುವಿನದು ಅವನ ಹೊಟ್ಟೆಪಾಡು. ನಮ್ಮ ಲಾರಿ ಆಫೀಸಿನ ಬುಕಿಂಗ್ ಏಜೆಂಟರೂ ಇಂದಿಗೂ ಬದುಕುತ್ತಿರುವುದು ಹೀಗೆಯೇ.

ಆದ್ದರಿಂದ ಡಿಬಿ ಕಾರ್ಗೋ ಮಾಡುವುದು ಸಾಗಣೆ, ಶೆಂಕರ್ ಮಾಡುವುದು ‘ರವಾನೆ’. ಪದ ನಾಲಗೆಯ ಮೇಲೆಯೇ ಇತ್ತು.

— ಬಾ. ಶೆ., ಸುರತ್ಕಲ್

—

ರವಾನೆ ಫಾರಸಿ. ಒಪ್ಪಲಾಗದು. ಅನುವಾದಕರು ಜರ್ಮನಿಯನ್ನೇ ನೋಡಿ ಕಲಿಯಲಿ. 19ನೇ ಶತಮಾನದ ಕೊನೆಗೆ ಪ್ರಶ್ಯದ ಸರ್ಕಾರಿ ಅಧಿಕಾರಿ ಆಟೊ ಸರಾಜಿನ್ ಮತ್ತವನ ಸಂಗಡಿಗರು ರೈಲ್ವೆಯ ಫ್ರೆಂಚ್ ಪದಗಳನ್ನು ಗುಡಿಸಿ ಹಾಕಿದರು. ಪ್ಲಾಟ್‌ಫಾರ್ಮಿಗೆ ಪೆರೋನ್ ಹೋಗಿ ‘ಬಾನ್‌ಸ್ಟೈಗ್’ ಬಂತು, ಟಿಕೆಟ್ಟಿಗೆ ಬಿಲೆಟ್ ಹೋಗಿ ‘ಫಾರ್‌ಕಾರ್ಟೆ’ ಬಂತು, ಬೋಗಿಯೊಳಗಿನ ಕೋಣೆಗೆ ಕೂಪೆ ಹೋಗಿ ‘ಆಬ್‌ಟೈಲ್’ ಬಂತು. ಅಂದು ನಕ್ಕವರ ಮೊಮ್ಮಕ್ಕಳು ಇಂದು ಅದೇ ಪದಗಳಲ್ಲಿ ಟಿಕೆಟ್ ಕೊಳ್ಳುತ್ತಿದ್ದಾರೆ. ನಾವು ಮಾತ್ರ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೇವೆ.

— ಗು.

—

ಆ ಸರಾಜಿನ್ ಎಂಬ ಹೆಸರೇ ಫ್ರೆಂಚಿನದು, ಇರಲಿ. ಅದೇ ಜರ್ಮನ್ ಮಾತನಾಡುವ ಸ್ವಿಸ್ಸರು ಇಂದಿಗೂ ಪೆರೋನ್‌ನಲ್ಲಿ ನಿಂತು ಬಿಲೆಟ್ ತೋರಿಸುತ್ತಾರೆ, ಅವರ ರೈಲೇನೂ ತಡವಾಗಿ ಬರುವುದಿಲ್ಲ. ಇಷ್ಟೆಲ್ಲ ಗುಡಿಸಿದ ಪೊರಕೆಗೆ ಸಿಗದೆ ಉಳಿದದ್ದು ಯಾವುದು ಗೊತ್ತೇ? ಇಲ್ಲಿ ಕೇಳಿರುವ ಸ್ಪೆಡಿಟ್ಸಿಯೋನ್! ಅದು ಇಟಾಲಿಯನ್ನಿನಿಂದ ಬಂದದ್ದು. ಅದರ ಬೇರು ಲ್ಯಾಟಿನ್ನಿನಲ್ಲಿ ‘ಕಾಲಿನ ತೊಡಕು ಬಿಡಿಸು’ ಎಂಬ ಕ್ರಿಯಾಪದ. ವ್ಯಾಪಾರಿಗಳ ಬಾಯಲ್ಲಿದ್ದ ಪದವನ್ನು ಸರ್ಕಾರಿ ಅಧಿಕಾರಿ ಅಲುಗಿಸಲಾರ. ಟಿಕೆಟ್ ಮೇಲೆ ಏನು ಅಚ್ಚಾಗಬೇಕೆಂಬುದು ಮಾತ್ರ ಅವನ ಕೈಯಲ್ಲಿತ್ತು.

ನಂತರದ ಕಥೆಯನ್ನೂ ಕೇಳಿ. ಅದೇ ರೈಲ್ವೆ ನೂರು ವರ್ಷಗಳ ಮೇಲೆ ‘ಸರ್ವಿಸ್ ಪಾಯಿಂಟ್’, ‘ಹಾಟ್‌ಲೈನ್’, ‘ಫ್ಲೈಯರ್’ ಎಂದು ಇಂಗ್ಲಿಷ್ ತುಂಬಿಕೊಂಡಿತು. 2010ರಲ್ಲಿ ಸಾರಿಗೆ ಸಚಿವ ರಾಮ್‌ಜಾವರ್ ಅದರ ಮೇಲೆ ಹರಿಹಾಯ್ದರು. 2013ರಲ್ಲಿ ಕಂಪನಿ ತನ್ನ ನೌಕರರಿಗೆಂದು ಜರ್ಮನ್ ಬದಲಿಗಳ ಪದಪಟ್ಟಿಯನ್ನೇ ಕೊಟ್ಟಿತು. ಆದರೂ ಡಿಬಿ ಕಾರ್ಗೋ ‘ಕಾರ್ಗೋ’ ಆಗಿಯೇ ಉಳಿದಿದೆ. ನಮ್ಮ ಸಾರಿಗೆ ನಿಗಮದ ಪಾರ್ಸೆಲ್ ಸೇವೆಯ ಹೆಸರೂ ‘ನಮ್ಮ ಕಾರ್ಗೋ’.

ಫಾರಸಿ ಬೇಡವೆನ್ನುವವರು ‘ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ’ದಿಂದ ರಸ್ತೆಯನ್ನು ಕಿತ್ತುಹಾಕಲಿ, ಬಸ್ ಎಲ್ಲಿ ಓಡುತ್ತದೆಯೋ ನೋಡೋಣ.

— ಕೆ. ಎನ್.

—

ವಿಷಯ ಹಳಿ ತಪ್ಪಿದೆ. ಸಂಭಾರತಂತ್ರಕ್ಕೆ ಯಾರೂ ಸರಿಯಾದ ಆಕ್ಷೇಪವೆತ್ತಿಲ್ಲ, ಅಡುಗೆಮನೆಯ ಹಾಸ್ಯವನ್ನು ಬಿಟ್ಟರೆ.

— ವಿ. ಕೃ.

—

ಎಲ್ಲರಿಗೂ ಋಣಿ. ವಾಕ್ಯವನ್ನು ಹೀಗೆ ಮಾಡಿದ್ದೇನೆ: ‘ಡಾಯ್ಚ ಬಾನ್ ತನ್ನ ಅಂತರರಾಷ್ಟ್ರೀಯ ರವಾನೆ ವ್ಯವಹಾರವಾದ ಶೆಂಕರ್ ಕಂಪನಿಯನ್ನು ಮಾರಿತು, ಗೂಡ್ಸ್ ರೈಲುಗಳನ್ನು ಓಡಿಸುವ ಸಾಗಣೆ ವಿಭಾಗವನ್ನು ಉಳಿಸಿಕೊಂಡಿತು.’ ಕೊಂಡ ಡಿಎಸ್‌ವಿಯ ಡ್ಯಾನಿಶ್ ಹೆಸರಿಗೆ ‘ಒಗ್ಗೂಡಿದ ಗಾಡಿಯವರು’ ಎಂಬ ಅರ್ಥವಿದೆ. 1976ರಲ್ಲಿ ಲಾರಿ ಮಾಲೀಕರು ಸೇರಿ ಕಟ್ಟಿದ್ದಂತೆ. ಅದನ್ನು ಹಾಗೆಯೇ ಬರೆದಿದ್ದೇನೆ, ಅದಕ್ಕೆ ತಕರಾರು ಬರುವುದಿಲ್ಲ ಎಂದುಕೊಂಡಿದ್ದೇನೆ.

ಕೊನೆಯದಾಗಿ ಒಂದು. ಹ್ಯಾಂಬರ್ಗಿನ ದಕ್ಷಿಣಕ್ಕಿರುವ ಮಾಶೆನ್‌ನಲ್ಲಿ ಯುರೋಪಿನಲ್ಲೇ ದೊಡ್ಡದಾದ ಮಾರ್ಷಲಿಂಗ್ ಯಾರ್ಡ್ ಇದೆ. ವ್ಯಾಗನ್‌ಗಳನ್ನು ಎತ್ತರದ ಜಾಗಕ್ಕೆ ತಳ್ಳಿ, ಕೊಂಡಿ ಬಿಡಿಸಿ, ತಮ್ಮ ಭಾರಕ್ಕೇ ಉರುಳಿ ಬೇರೆ ಬೇರೆ ಹಳಿ ಸೇರುವಂತೆ ಮಾಡುತ್ತಾರೆ. ಇದಕ್ಕೆ ನಮ್ಮ ರೈಲ್ವೆಯವರು ಏನೆನ್ನುತ್ತಾರೆ?

— ಸು. ರಾ.

—

ಯಾರ್ಡ್ ಎನ್ನುತ್ತಾರೆ. ಎತ್ತರದ ಜಾಗಕ್ಕೆ ಹಂಪ್.

— ನಿವೃತ್ತ ಗಾರ್ಡ್, ಹುಬ್ಬಳ್ಳಿ

—

‘ದಿಬ್ಬ’ ಇರುವಾಗ ಹಂಪ್ ಏಕೆ?

— ಗು.

—

ದಿಬ್ಬವೆಂದೇ ಬರೆಯಲಿ. ಯಾರ್ಡ್ ಮಾತ್ರ ಯಾರ್ಡೇ.

— ನಿವೃತ್ತ ಗಾರ್ಡ್, ಹುಬ್ಬಳ್ಳಿ