ಧ್ರುವ ಪ್ರದೇಶದ ಕಂಬಳಿಹುಳು 14 ವರ್ಷ ಬದುಕುವುದು ನಿಜವೇ?

ಹರಳೆಲೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ಉತ್ತರ ದ್ವೀಪಗಳಲ್ಲಿರುವ ಗೈನೆಫೋರಾ ಗ್ರೋಎನ್‌ಲ್ಯಾಂಡಿಕಾ ಎಂಬ ಪತಂಗ 14 ವರ್ಷ ಹುಳುವಾಗಿಯೇ ಇರುತ್ತದೆ ಎಂದು ಓದಿದೆ. ನಮ್ಮ ಹರಳು ಗಿಡದ ಕಂಬಳಿಹುಳು ಕೆಲವೇ ವಾರಗಳಲ್ಲಿ ಗೂಡು ಕಟ್ಟುತ್ತದೆ. ಇದಕ್ಕೇಕೆ ಇಷ್ಟು ವರ್ಷ? ಚಳಿಗೆ ಸಾಯುವುದಿಲ್ಲವೇ? ಮಕ್ಕಳಿಗೆ ಸರಿಯಾದದ್ದನ್ನೇ ಹೇಳಬೇಕು, ತಿಳಿದವರು ಬರೆಯಿರಿ.

ಉತ್ತರದ ಬಿಸಿಲು: ಮೇಡಂ, 14 ಎಂಬುದು ಹಳೆಯ ಲೆಕ್ಕ. ಓಲ್ಗಾ ಕುಕಲ್ ಮತ್ತು ಪೀಟರ್ ಕೆವನ್ ಎಂಬ ಸಂಶೋಧಕರು 1987ರಲ್ಲಿ ಕೊಟ್ಟ ಅಂದಾಜು. 1998ರಲ್ಲಿ ಮೋರ್‌ವುಡ್ ಮತ್ತು ರಿಂಗ್ ಅದನ್ನು ತಿದ್ದಿದರು. ಹುಳುವಿಗೆ ಏಳು ಹಂತಗಳು, ವರ್ಷಕ್ಕೊಮ್ಮೆ ಪೊರೆ ಬಿಡುತ್ತದೆ, ಒಟ್ಟು ಸುಮಾರು 7 ವರ್ಷ. ಮಕ್ಕಳಿಗೆ 7 ಎಂದೇ ಹೇಳಿ.

ಓದುತ್ತಿದ್ದಾಗ ಒಂದು ಬೇಸಿಗೆ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಸಂಶೋಧಕರಿಗೆ ಸಹಾಯಕನಾಗಿದ್ದೆ. ಜೂನ್‌ನಲ್ಲಿ ಹಿಮ ಕರಗಿದ ಜಾಗದಲ್ಲೆಲ್ಲ ಈ ಹುಳುವೇ. ಮೈತುಂಬ ದಟ್ಟ ಕಂದು ರೋಮ. ಬಿಸಿಲಿಗೆ ಮೈಯನ್ನು ಅಡ್ಡಲಾಗಿ ಒಡ್ಡಿಕೊಂಡು ಅಲ್ಲಾಡದೆ ಕುಳಿತಿರುತ್ತದೆ. ಅಲ್ಲಿ ಆಗ ಸೂರ್ಯ ಮುಳುಗುವುದಿಲ್ಲ, ಬಿಸಿಲು ಸರಿದಂತೆ ಹುಳುವೂ ಮೈ ತಿರುಗಿಸುತ್ತದೆ. ಹೊತ್ತಿನಲ್ಲಿ ಶೇ. 60ರಷ್ಟು ಬಿಸಿಲು ಕಾಯಿಸುವುದಕ್ಕೇ ಹೋಗುತ್ತದೆ, ತಿನ್ನುವುದಕ್ಕೆ ಸಿಗುವುದು ಶೇ. 20 ಮಾತ್ರ. ಮೈ ಬಿಸಿಯಾಗದಿದ್ದರೆ ತಿಂದ ಎಲೆ ಅರಗುವುದಿಲ್ಲ. ನೆಲಕ್ಕಂಟಿ ಬೆಳೆಯುವ ಆರ್ಕ್‌ಟಿಕ್ ವಿಲ್ಲೋ ಎಂಬ ಕುಳ್ಳ ಪೊದೆಗಿಡ ಅದರ ಮುಖ್ಯ ಆಹಾರ. ಎಳೆ ಚಿಗುರೆಂದರೆ ಬಹಳ ಇಷ್ಟ. ತಿನ್ನುವುದು ಹೆಚ್ಚುಕಡಿಮೆ ಜೂನ್ ಒಂದೇ ತಿಂಗಳು.

ಚಳಿಗೆ ಸಾಯುವವು ಕಡಿಮೆ. ಹೆಪ್ಪುಗಟ್ಟಿದರೂ ಜೀವಕೋಶ ಹಾಳಾಗದಂತೆ ಕಾಯುವ ಗ್ಲಿಸೆರಾಲ್ ಎಂಬ ದ್ರವವನ್ನು ಮೈಯಲ್ಲಿ ತುಂಬಿಕೊಂಡು, ಹೆಪ್ಪುಗಟ್ಟಿಯೇ ಚಳಿಗಾಲ ಕಳೆಯುತ್ತದೆ. ಮೈನಸ್ 70 ಡಿಗ್ರಿಯನ್ನೂ ತಾಳುತ್ತದೆ.

ಮಲೆಯ ದಾರಿ: ಜುಲೈ, ಆಗಸ್ಟ್‌ನಲ್ಲೂ ತಿಂದರೆ ಬೇಗ ಬೆಳೆಯಬಹುದಲ್ಲವೇ ಸರ್? ಒಂದೇ ತಿಂಗಳು ತಿಂದು ಸುಮ್ಮನಾಗುವುದೇಕೆ?

ಉತ್ತರದ ಬಿಸಿಲು: ಈ ಹುಳುವಿನ ಬದುಕು ಅರ್ಥವಾಗುವುದೇ ಈ ಪ್ರಶ್ನೆಯಿಂದ. ಜೂನ್ ಮುಗಿಯುವ ಹೊತ್ತಿಗೆ, ಇನ್ನೂ ಬಿಸಿಲಿರುವಾಗಲೇ, ಕಲ್ಲಿನ ಬುಡದಲ್ಲಿ ರೇಷ್ಮೆ ನೂಲಿನ ಹೊದಿಕೆ ನೇಯ್ದು ಒಳಸೇರುತ್ತದೆ. ಕಾರಣ ಎರಡು. ವಿಲ್ಲೋ ಎಲೆ ಬಲಿತಂತೆ ಅದರ ಸತ್ವ ಇಳಿಯುತ್ತದೆ. ಅದಕ್ಕಿಂತ ದೊಡ್ಡದು ಶತ್ರುಗಳ ಭಯ. ಹೈಪೊಸೋಟರ್ ಎಂಬ ಕಣಜವೂ ಎಕ್ಸೋರಿಸ್ಟಾ ಎಂಬ ನೊಣವೂ ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತವೆ, ಕಣಜ ಇದರ ಮೈಯೊಳಗೆ, ನೊಣ ಮೈಮೇಲೆ. ಅವುಗಳ ಮರಿಗಳು ಹುಳುವನ್ನು ಒಳಗಿನಿಂದ ತಿಂದು ಮುಗಿಸುತ್ತವೆ. ಅರ್ಧಕ್ಕೂ ಹೆಚ್ಚು ಸಾವು ಹೀಗೆಯೇ. ಅಂದರೆ ಅದನ್ನು ಅಡಗಿಸುವುದು ಚಳಿಯಲ್ಲ, ಕಣಜ ಮತ್ತು ನೊಣ. ಅಡಗಿದಷ್ಟು ದಿನ ಊಟವಿಲ್ಲ, ಅದಕ್ಕೇ ಇಷ್ಟು ವರ್ಷ. ಪಠ್ಯಗಳು ಚಳಿಯನ್ನಷ್ಟೇ ಹೊಗಳಿ ಇದನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಹರಳೆಲೆ: ತುಂಬಾ ಉಪಕಾರವಾಯಿತು ಸರ್. ರೆಕ್ಕೆ ಬಂದ ಮೇಲೆ ಎಷ್ಟು ದಿನ ಇರುತ್ತದೆ? ನಮ್ಮ ಹರಳಿನ ಹುಳುವಿಗೂ ಇದಕ್ಕೂ ನೆಂಟಸ್ತಿಕೆ ಇದೆಯೇ?

ಉತ್ತರದ ಬಿಸಿಲು: ಗೂಡು ಕಟ್ಟಿದ ಬೇಸಿಗೆಯಲ್ಲೇ ಪತಂಗವಾಗಿ, ಏನನ್ನೂ ತಿನ್ನದೆ ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ಹೆಣ್ಣು ಹಾರುವುದೇ ಅಪರೂಪ, ಎಷ್ಟೋ ಬಾರಿ ತನ್ನ ಗೂಡಿನ ಮೇಲೆಯೇ ಮೊಟ್ಟೆ ಇಡುತ್ತದೆ. ನೆಂಟಸ್ತಿಕೆಯೂ ಉಂಟು. ಹರಳಿಗೆ ಬರುವ ಕಂಬಳಿಹುಳುಗಳಲ್ಲಿ ಯೂಪ್ರೊಕ್ಟಿಸ್ ಜಾತಿಯವು ಈ ಧ್ರುವದ ಹುಳು ಸೇರಿರುವ ಲೈಮಾಂಟ್ರಿನೆ ಎಂಬ ಪತಂಗಗಳ ಉಪಕುಟುಂಬದವೇ. ಮಕ್ಕಳಿಗೆ ತೋರಿಸುವಾಗ ಬರಿಗೈಯಲ್ಲಿ ಮುಟ್ಟಲು ಬಿಡಬೇಡಿ, ಈ ಯೂಪ್ರೊಕ್ಟಿಸ್ ಹುಳುಗಳ ರೋಮ ತಗುಲಿದರೆ ಚರ್ಮ ಉರಿಯುತ್ತದೆ.